‘ದೊಡ್ಡಜ್ಜಿ ಡ್ಯೂಟಿಗೆ ಹೋಗಿದಾರೆ’ ಅಂತ ಮಗಳಿಗೆ ಹೇಳಿದ್ದೇವೆ. ಇದು ಸರಿನಾ?

ಪ್ರಶ್ನೆ:

ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯವಳು. ವಯಸ್ಸು 33. ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಸರ್ಕಾರಿ ನರ್ಸ್ ಆಗಿದ್ದರು. 1970ರಲ್ಲಿ ಕೆಲಸಕ್ಕೆ ಸೇರಿ 2006ರಲ್ಲಿ ನಿವೃತ್ತರಾದರು. ಆಗ ನಾನು ಹೈಸ್ಕೂಲು. ಅಲ್ಲಿಂದ ಕೊನೆಯವರೆಗೂ ನನ್ನ ಜೊತೆಗೇ ಇದ್ದರು. ನನ್ನ ಬಾಣಂತನ ಮಾಡಿದ್ದೂ ಅವರೇ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಎಂಟು ತಿಂಗಳಾಯಿತು.

ಅವತ್ತು ಸಂಜೆ ಅವರಿಗೆ ಸುಸ್ತು, ಬೆವರು. ಹೊಟ್ಟೆ ತೊಳಸುತ್ತಿದೆ ಅಂದರು. ಸಕ್ಕರೆ ಕಾಯಿಲೆ ಇತ್ತು. ‘ಗ್ಯಾಸು ಕಣೇ, ಜೀರಿಗೆ ಕಷಾಯ ಮಾಡಿಕೊಡು’ ಅಂದರು. ಕೊಟ್ಟೆ. ರಾತ್ರಿ ಎರಡು ಗಂಟೆಗೆ ಉಸಿರಾಡಲು ಕಷ್ಟವಾಯಿತು. ಜೋರು ಮಳೆ, ದಾರಿಗೆ ಮರ ಬಿದ್ದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಹಾರ್ಟ್ ಅಟ್ಯಾಕ್ ಅಂದರು ಡಾಕ್ಟರು. ಇಷ್ಟು ಜನರ ಜೀವ ಉಳಿಸಿದವರಿಗೆ ತನ್ನದೇ ಹಾರ್ಟ್ ಅಟ್ಯಾಕ್ ಗೊತ್ತಾಗಲಿಲ್ಲವಾ? ನಾನಾದರೂ ಸಂಜೆಯೇ ಯಾಕೆ ಹಟ ಮಾಡಲಿಲ್ಲ?

ಬೆಳಗಿನ ಜಾವ ಅಜ್ಜಿ ಕರೆದ ಹಾಗೆ ಆಗುತ್ತದೆ. ಎದ್ದು ಕೂತುಬಿಡುತ್ತೇನೆ. ನಿದ್ದೆ ಬರದೆ ಅಜ್ಜಿಯ ಡಬ್ಬದಲ್ಲಿದ್ದ ನಿದ್ದೆ ಮಾತ್ರೆ ಕೆಲವು ಸಲ ಅರ್ಧ ತಗೊಂಡಿದ್ದೇನೆ. ‘ಸತ್ತವರ ಸುದ್ದಿ ಜಾಸ್ತಿ ಆಡಬೇಡ, ಆತ್ಮಕ್ಕೆ ಶಾಂತಿ ಸಿಗಲ್ಲ’ ಅಂತ ನೆಂಟರು ಹೇಳುತ್ತಾರೆ. ಆರೂವರೆ ವರ್ಷದ ಮಗಳು ಕೇಳಿದಾಗ ಯಾರೋ ‘ದೊಡ್ಡಜ್ಜಿ ಡ್ಯೂಟಿಗೆ ಹೋಗಿದಾರೆ’ ಅಂದರು. ಅವಳು ಇನ್ನೂ ಕಾಯುತ್ತಾಳೆ. ಅವತ್ತು ಆ ಮಾತು ಕೇಳಿ ಅಮ್ಮ ಸುಮ್ನೆ ಎದ್ದು ಹಿತ್ತಲಿಗೆ ಹೋದರು. ಅಮ್ಮ ಇವತ್ತಿನವರೆಗೂ ಅತ್ತಿಲ್ಲ. ಅಜ್ಜಿಯ ಟ್ರಂಕು ಹಾಗೇ ಇದೆ. ಒಳಗೆ ಬಿಪಿ ನೋಡುವ ಪೆಟ್ಟಿಗೆ, ಒಂದು ಅಲ್ಯೂಮಿನಿಯಂ ಕೊಳವೆ, ಹಳೆಯ ಔಷಧಿ, ಹತ್ತಾರು ಡೈರಿ. ಊರವರ ನೆನಪುಗಳನ್ನೂ ಡೈರಿಯನ್ನೂ ಸೇರಿಸಿ ವರ್ಷಾಬ್ದಿಕಕ್ಕೆ ಒಂದು ಪುಟ್ಟ ಪುಸ್ತಕ ಮಾಡಬೇಕು ಅಂತ ಆಸೆ. ಮಾಡಬಹುದಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಮಗಳ ಬಗ್ಗೆ, ನಿಮ್ಮ ನಿದ್ದೆಯ ಬಗ್ಗೆ, ಟ್ರಂಕಿನ ಬಗ್ಗೆ. ನನ್ನ ಕಣ್ಣು ನಿಂತಿದ್ದು ನೀವು ಪ್ರಶ್ನೆಯಾಗಿ ಕೇಳದೆ ಬಿಟ್ಟ ಒಂದು ಸಾಲಿನ ಮೇಲೆ. ‘ಅಮ್ಮ ಸುಮ್ನೆ ಎದ್ದು ಹಿತ್ತಲಿಗೆ ಹೋದರು.’ ಅದಕ್ಕೆ ಬರುತ್ತೇನೆ. ಮೊದಲು ಆ ರಾತ್ರಿಯ ವಿಷಯ. ಅದು ನಿಮ್ಮ ಎದೆಯ ಮೇಲೆ ಕೂತಿರುವಾಗ ಬೇರೆ ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ.

ಹಾರ್ಟ್ ಅಟ್ಯಾಕ್ ಅಂದರೆ ಎದೆ ಹಿಡಿದುಕೊಂಡು ಬೀಳುವುದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಎಷ್ಟೋ ಜನರಿಗೆ ಹಾಗೇ ಆಗುತ್ತದೆ. ಆದರೆ ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರಬಹುದು. ಬರೀ ಸುಸ್ತು, ಬೆವರು, ವಾಂತಿ ಬಂದ ಹಾಗೆ, ಉಸಿರು ಸಾಲದ ಹಾಗೆ. ವರ್ಷಗಟ್ಟಲೆ ಸಕ್ಕರೆ ಇದ್ದರೆ ನೋವಿನ ಸುದ್ದಿ ಒಯ್ಯುವ ನರಗಳೇ ಮಂಕಾಗಿರುತ್ತವೆ. ಹೃದಯ ಒದ್ದಾಡುತ್ತಿದ್ದರೂ ಆ ಸುದ್ದಿ ಸರಿಯಾಗಿ ಮೇಲೆ ಹೋಗುವುದಿಲ್ಲ. ಇಂಥ ರೋಗಿಯನ್ನು ಎದುರಿಗೆ ಕೂರಿಸಿಕೊಂಡರೂ ಇಸಿಜಿ ತೆಗೆಯದೆ ಖಚಿತವಾಗಿ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಹಾಗಾಗಿ ‘ನರ್ಸ್ ಆಗಿಯೂ ಗೊತ್ತಾಗಲಿಲ್ಲವಾ’ ಅನ್ನುವ ಪ್ರಶ್ನೆ ಅಜ್ಜಿಯ ಮೇಲೆ ಹೊರಿಸಬೇಕಾದ್ದಲ್ಲ. ಅವರ ದೇಹವೇ ಅವರಿಗೆ ಸರಿಯಾದ ಸೂಚನೆ ಕೊಡಲಿಲ್ಲ.

ಇನ್ನೊಂದು ಮಾತೂ ನಿಜ. ಬೇರೆಯವರ ನೋವು ನೋಡಿಕೊಂಡೇ ಬದುಕಿದವರು ತಮ್ಮ ನೋವನ್ನು ಕೊನೆಗೆ ನೋಡುತ್ತಾರೆ. ನನ್ನ ಹತ್ತಿರ ಬರುವ ನರ್ಸ್‌ಗಳಲ್ಲಿ, ಡಾಕ್ಟರುಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ರೋಗಿಗೆ ‘ತಡ ಮಾಡಬೇಡಿ’ ಅಂತ ಗದರುವವರು ತಮಗೆ ಬಂದಾಗ ‘ಏನಿಲ್ಲ, ಸರಿಹೋಗುತ್ತೆ’ ಅನ್ನುತ್ತಾರೆ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವುದು ಮೂವತ್ತಾರು ವರ್ಷದ ಅಭ್ಯಾಸ. ಅದರಲ್ಲೂ ಆ ಮಳೆಯಲ್ಲಿ ನಿಮ್ಮನ್ನು ರಾತ್ರಿ ರಸ್ತೆಗೆ ಇಳಿಸಲು ಅವರಿಗೆ ಮನಸ್ಸು ಬಂದಿರಲಿಕ್ಕಿಲ್ಲ.

ಈಗ ನಿಮ್ಮ ತಪ್ಪಿನ ಮಾತು. ಸಂಜೆಯೇ ಹೋಗಿದ್ದರೆ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಅದು ಸುಳ್ಳು ಸಮಾಧಾನ. ಬೇಗ ಮುಟ್ಟಿದಷ್ಟೂ ಉಳಿಯುವ ಅವಕಾಶ ಜಾಸ್ತಿ, ಇದು ಎಲ್ಲರಿಗೂ ಗೊತ್ತಿರುವ ಸತ್ಯ. ಆದರೆ ತಪ್ಪು ಅನ್ನಬೇಕಾದರೆ ಗೊತ್ತಿದ್ದೂ ಬಿಟ್ಟಿರಬೇಕು. ನಿಮಗೆ ಗೊತ್ತಿದ್ದದ್ದು ಇಷ್ಟು: ಅಜ್ಜಿಗೆ ಹೊಟ್ಟೆ ಸರಿ ಇಲ್ಲ, ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ತಿಳಿದ ಅಜ್ಜಿಯೇ ಗ್ಯಾಸು ಅಂದಿದ್ದಾರೆ. ನೀವು ಆ ಮಾತು ನಂಬಿದಿರಿ. ಹದಿನೆಂಟು ಇಪ್ಪತ್ತು ವರ್ಷ ಅವರ ಅಂಥ ಮಾತು ನಂಬಿಯೇ ನೀವು ಸರಿಯಾಗಿದ್ದಿರಿ. ಎರಡು ಗಂಟೆಗೆ ಏನಾಯಿತು ಅನ್ನುವುದನ್ನು ಇಟ್ಟುಕೊಂಡು ಸಂಜೆ ಆರು ಗಂಟೆಯ ನಿಮ್ಮನ್ನು ಈಗ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೀರಿ. ಆರು ಗಂಟೆಯ ನಿಮಗೆ ಎರಡು ಗಂಟೆ ಗೊತ್ತಿರಲಿಲ್ಲ.

ಓದುವ ಬೇರೆಯವರಿಗೂ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದು, ಇದ್ದಕ್ಕಿದ್ದಂತೆ ತಣ್ಣನೆ ಬೆವರು, ವಿಪರೀತ ಸುಸ್ತು, ಹೊಟ್ಟೆ ತೊಳಸು ಬಂದರೆ ಕಷಾಯ ಕುಡಿಸಿ ಕಾಯಬೇಡಿ. ಸಕ್ಕರೆ ಇಳಿದರೂ ಹೀಗೇ ಆಗುತ್ತದೆ, ಅದೂ ಅಪಾಯವೇ. 108ಕ್ಕೆ ಫೋನ್ ಮಾಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಮರ ಬೀಳುವ ದಾರಿ ಇದ್ದರಂತೂ ಬೆಳಕಿರುವಾಗಲೇ ಹೊರಡಿ.

ಬೆಳಗಿನ ಜಾವ ಅಜ್ಜಿ ಕರೆದ ಹಾಗೆ ಕೇಳುತ್ತದೆ ಅಂದಿರಿ. ‘ನನಗೆ ಹುಚ್ಚು ಹಿಡಿಯುತ್ತಿದೆಯಾ’ ಅಂತ ನೀವು ಬರೆದಿಲ್ಲ, ಆದರೆ ಆ ಹೆದರಿಕೆ ಸಾಲುಗಳ ಮಧ್ಯೆ ಕಾಣುತ್ತದೆ. ಇಲ್ಲ, ಇದು ಹುಚ್ಚಲ್ಲ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಡೆವಿ ರೀಸ್ ಅನ್ನುವ ಹಳ್ಳಿ ಡಾಕ್ಟರು ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತೀರಿಕೊಂಡವರು ಹತ್ತಿರವೇ ಇದ್ದ ಹಾಗೆ, ಕಂಡ ಹಾಗೆ, ಮಾತಾಡಿದ ಹಾಗೆ ಅನುಭವ ಆಗಿತ್ತು. ಹೆಚ್ಚಿನವರು ಯಾರಿಗೂ ಹೇಳಿರಲಿಲ್ಲ. ನಿದ್ದೆ ಎಚ್ಚರದ ನಡುವಿನ ಹೊತ್ತಿನಲ್ಲಿ ಇದು ಇನ್ನೂ ಸಹಜ. ವರ್ಷಗಟ್ಟಲೆ ಅದೇ ಹೊತ್ತಿಗೆ ಅದೇ ದನಿ ಕೇಳಿ ಎದ್ದ ಮಿದುಳು ಆ ಹೊತ್ತಿಗೆ ಅದಕ್ಕೇ ಕಾಯುತ್ತದೆ. ದನಿ ನಿಮ್ಮನ್ನು ಬೈದರೆ, ಏನಾದರೂ ಮಾಡಿಕೋ ಅಂದರೆ, ಹಗಲಿಡೀ ಕೇಳಿದರೆ ಆಗ ಮಾತ್ರ ತಡ ಮಾಡದೆ ಮನೋವೈದ್ಯರನ್ನು ನೋಡಿ.

ನಿದ್ದೆ ಮಾತ್ರೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬೇರೆಯವರಿಗೆ ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳಬೇಡಿ. ಈ ಮಾತ್ರೆಗಳಲ್ಲಿ ಬಹಳಷ್ಟು ಕೆಲವೇ ವಾರಗಳಲ್ಲಿ ರೂಢಿ ಹಿಡಿಸುತ್ತವೆ. ಆಮೇಲೆ ಮಾತ್ರೆ ಇಲ್ಲದಿದ್ದರೆ ನಿದ್ದೆಯೇ ಬರುವುದಿಲ್ಲ. ಸಂಕಟವನ್ನಂತೂ ಅವು ಕಡಿಮೆ ಮಾಡುವುದಿಲ್ಲ, ಮಂಕು ಕವಿಸುತ್ತವೆ ಅಷ್ಟೆ. ನೀವು ತೆಗೆದುಕೊಂಡಿದ್ದು ಆಗೊಮ್ಮೆ ಈಗೊಮ್ಮೆ ಅರ್ಧ ಮಾತ್ರೆ ಆದ್ದರಿಂದ ನಿಲ್ಲಿಸಲು ಕಷ್ಟವಾಗಲಾರದು. ದಿನಾ ತೆಗೆದುಕೊಳ್ಳುವ ಮಟ್ಟಕ್ಕೆ ಹೋಗಿದ್ದರೆ ಮಾತ್ರ ಏಕಾಏಕಿ ಬಿಡಬೇಡಿ, ಡಾಕ್ಟರನ್ನು ಕೇಳಿ ಕಡಿಮೆ ಮಾಡಿ. ಹಾಗೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ, ಥೈರಾಯ್ಡ್ ಎರಡೂ ನೋಡಿಸಿ. ಎಂಟು ತಿಂಗಳ ಸುಸ್ತನ್ನೆಲ್ಲ ದುಃಖದ ಲೆಕ್ಕಕ್ಕೆ ಬರೆದುಕೊಂಡು, ಆಮೇಲೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದದ್ದು ಗೊತ್ತಾದವರನ್ನು ನಾನು ನೋಡಿದ್ದೇನೆ.

ಇಷ್ಟು ದಿನ ದುಃಖ ಇರುವುದು ಸರಿಯಾ ಅಂತ ನಿಮಗೆ ಅನುಮಾನವೂ ಇರಬಹುದು. ದುಃಖಕ್ಕೆ ಐದು ಮೆಟ್ಟಿಲು, ಒಂದೊಂದೇ ಹತ್ತಿ ಕೊನೆಗೆ ಒಪ್ಪಿಕೊಳ್ಳುವುದು ಅಂತ ಎಲ್ಲೋ ಓದಿರುತ್ತೀರಿ. ಆ ಮಾತು ಬಂದದ್ದು ಎಲಿಸಬೆತ್ ಕೂಬ್ಲರ್ ರಾಸ್ ಅನ್ನುವ ಮನೋವೈದ್ಯೆಯಿಂದ, 1969ರಲ್ಲಿ. ಆಕೆ ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು. ಮನೆಯಲ್ಲಿ ಉಳಿದವರನ್ನು ಕುರಿತ ಮಾತಾಗಿರಲಿಲ್ಲ ಅದು. ಉಳಿದವರ ದುಃಖ ಮೆಟ್ಟಿಲು ಹತ್ತಿದ ಹಾಗೆ ಹೋಗುವುದಿಲ್ಲ. ನೀವು ಮಲೆನಾಡಿನವರು, ಬೇಗ ಅರ್ಥವಾಗುತ್ತದೆ. ಮಳೆ ಹಿಡಿದಾಗ ಮಧ್ಯೆ ಮಧ್ಯೆ ಹೊಳವಾಗುತ್ತದಲ್ಲ, ಹಾಗೆ. ಹೊಳವಾದಾಗ ಬಟ್ಟೆ ಒಣಗಿಸುತ್ತೀರಿ, ಮಗಳಿಗೆ ಜಡೆ ಹಾಕುತ್ತೀರಿ, ನಗುತ್ತೀರಿ. ಮತ್ತೆ ಸುರಿಯುತ್ತದೆ. ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು 1999ರಲ್ಲಿ ಇದನ್ನೇ ಹೇಳಿದರು: ಮನಸ್ಸು ದುಃಖದ ಕಡೆಗೂ ದಿನದ ಕೆಲಸದ ಕಡೆಗೂ ತೂಗಾಡುತ್ತಿರುತ್ತದೆ, ಆ ತೂಗಾಟವೇ ಆರೋಗ್ಯ. ನಗುವಾಗ ‘ಅಯ್ಯೋ ಅಜ್ಜಿಯನ್ನು ಮರೆತೆನಾ’ ಅಂದುಕೊಳ್ಳಬೇಡಿ.

ದುಃಖ ಕಾಯಿಲೆಯಾಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ದೀರ್ಘ ಶೋಕಕ್ಕೆ ಬೇರೆಯೇ ಜಾಗ ಇದೆ. ಕನಿಷ್ಠ 6 ತಿಂಗಳು ದಾಟಿರಬೇಕು ಅನ್ನುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ನೀವು ಈ ಎರಡರ ಮಧ್ಯೆ ಇದ್ದೀರಿ, ಹಾಗಾಗಿ ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ನಾನು ನೋಡುವುದು ಬೇರೆ. ಅಡುಗೆ, ಮಗಳ ಶಾಲೆ, ಸ್ನಾನ, ಊಟ ನಡೆಯುತ್ತಿದೆಯಾ? ಅಜ್ಜಿಯ ನೆನಪಲ್ಲಿ ಅಳುವಿನ ಜೊತೆ ಬಿಸಿಯೂ ಇದೆಯಾ, ಬರೀ ಉರಿಯಾ? ಇನ್ನು ಬದುಕಿ ಏನು ಅಂತ ಅನಿಸುತ್ತದೆಯಾ? ನೀವು ಪುಸ್ತಕ ಮಾಡುವ ಆಸೆ ಇಟ್ಟುಕೊಂಡಿದ್ದೀರಿ. ಅದನ್ನು ಓದಿ ನನಗೆ ಧೈರ್ಯ ಬಂತು. ಆದರೂ ಆ ರಾತ್ರಿಯ ವಿಷಯವೇ ದಿನವಿಡೀ ತಲೆಯಲ್ಲಿ ತಿರುಗುತ್ತಿದ್ದರೆ ಆಪ್ತ ಸಮಾಲೋಚಕರ ಹತ್ತಿರ ಕೆಲವು ಸಲ ಕೂತು ಮಾತಾಡಿ. ದುಃಖಕ್ಕೇ ಅಂತ ಇರುವ ಮಾತಿನ ಚಿಕಿತ್ಸೆ ಇದೆ, ಕೆಲಸ ಮಾಡುತ್ತದೆ. ಖಿನ್ನತೆ ಜೊತೆಗೆ ಇದ್ದರೆ ಮಾತ್ರ ಔಷಧಿ ಸಹಾಯಕ್ಕೆ ಬರುತ್ತದೆ. ಶಿವಮೊಗ್ಗದವರೆಗೆ ಬರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನೆಂಟರ ಮಾತು. ಆತ್ಮದ ವಿಷಯ ಹೇಳಲು ನಾನು ಯಾರೂ ಅಲ್ಲ. ಆದರೆ ನಮ್ಮ ಹಿರಿಯರು ಕಟ್ಟಿಕೊಟ್ಟ ಪದ್ಧತಿಯನ್ನೇ ನೋಡಿ. ಹದಿಮೂರು ದಿನ, ತಿಂಗಳು ತಿಂಗಳು ಮಾಸಿಕ, ವರ್ಷಕ್ಕೆ ಶ್ರಾದ್ಧ, ಮಹಾಲಯ ಪಕ್ಷ. ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಎಲೆಗೆ ಬಡಿಸುವುದು. ಎಲ್ಲವೂ ನೆನಪು ಮಾಡಿಕೊಳ್ಳುವುದಕ್ಕೇ ಇರುವ ದಿನಗಳು. ಮರೆತುಬಿಡಿ ಅಂತ ಯಾವ ಪದ್ಧತಿಯೂ ಹೇಳಿಲ್ಲ. ‘ಸುದ್ದಿ ಆಡಬೇಡ’ ಅನ್ನುವವರಿಗೆ ಸಾಮಾನ್ಯವಾಗಿ ನಿಮ್ಮ ಕಣ್ಣೀರು ನೋಡಲು ಆಗುವುದಿಲ್ಲ, ಅಷ್ಟೆ. ಅವರ ಮೇಲೆ ಸಿಟ್ಟು ಬೇಡ. ಆದರೆ ಅವರ ಮಾತು ಕೇಳಿ ಬಾಯಿ ಮುಚ್ಚಿಕೊಳ್ಳುವುದೂ ಬೇಡ.

ಈಗ ಅಮ್ಮನ ವಿಷಯ.

ನಿಮ್ಮ ಅಜ್ಜಿ ಕೆಲಸ ಮಾಡಿದ ಕಾಲ ಎಂಥದ್ದು ಅಂತ ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. 1970. ಸಿಡುಬು ಇನ್ನೂ ದೇಶ ಬಿಟ್ಟಿರಲಿಲ್ಲ. ನಮ್ಮಲ್ಲಿ ಅದು ಕೊನೆಗೊಂಡದ್ದು 1975ರಲ್ಲಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತು ಸಿಕ್ಕ ಮಂಗನ ಕಾಯಿಲೆ ಬೇಸಿಗೆ ಬಂತು ಅಂದರೆ ಎಲ್ಲಿ ಏಳುತ್ತದೋ ಅನ್ನುವ ಹೆದರಿಕೆ. ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಆ ಕಾಯಿಲೆ ಹರಡುವ ಉಣುಗಿನ ಭಯ. ಮನೆ ಮನೆ ಸುತ್ತಿ, ಜ್ವರ ಇದೆಯಾ, ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಿದ್ದಿರಾ ಅಂತ ಕೇಳಬೇಕಾದವರು ಇಂಥ ನರ್ಸಮ್ಮಂದಿರೇ. ರಸ್ತೆ ಇಲ್ಲ, ಹಳ್ಳ ದಾಟಲು ಅಡಿಕೆ ಮರದ ಸಂಕ. ಹೆರಿಗೆಗೆ ಕರೆ ಬರುವುದು ರಾತ್ರಿಯೇ, ಲಾಟೀನು ಹಿಡಿದ ಗಂಡಸೊಬ್ಬ ಜಗಲಿಯಲ್ಲಿ ನಿಂತಿರುತ್ತಾನೆ. ಗಾಜಿನ ಸಿರಿಂಜು, ಅದನ್ನು ಸ್ಟೀಲ್ ಡಬ್ಬದಲ್ಲಿ ಹಾಕಿ ಕುದಿಸಬೇಕು. ಆಮೇಲೆ 1985ರಿಂದ ಎಲ್ಲ ಮಕ್ಕಳಿಗೂ ಲಸಿಕೆ ಕಾರ್ಯಕ್ರಮ. 1995ರಿಂದ ಪಲ್ಸ್ ಪೋಲಿಯೊ. ಐಸ್ ಕರಗುವ ಮೊದಲು ಕೊನೆಯ ಮನೆ ಮುಟ್ಟಬೇಕು. 2014ರಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಅನ್ನುವ ಪತ್ರ ಸಿಕ್ಕಿತಲ್ಲ, ಅದರ ಹಿಂದೆ ಇಂಥವರ ಕಾಲುಗಳಿವೆ. ನಾನು ಹೌಸ್ ಸರ್ಜನ್ ಆಗಿದ್ದಾಗ ಅಳುವ ಮಗುವಿನ ಕೈ ಹಿಡಿದು ಸೂಜಿ ಹಾಕಲು ಕಲಿಸಿದ್ದೂ ನಿಮ್ಮ ಅಜ್ಜಿಯಂಥ ಒಬ್ಬ ಸಿಸ್ಟರೇ. ಅವರ ಋಣ ನನ್ನ ಮೇಲಿದೆ. ಅದಕ್ಕೇ ಇದನ್ನು ಇಷ್ಟು ಬರೆಯುತ್ತಿದ್ದೇನೆ.

ಈಗ ಅದೇ ರಾತ್ರಿಯನ್ನು ಮನೆಯ ಒಳಗಿನಿಂದ ನೋಡಿ. ಲಾಟೀನು ಹಿಡಿದವನ ಹಿಂದೆ ನರ್ಸಮ್ಮ ಹೊರಟರು. ಒಳಗೆ ಕಂಬಳಿಯಲ್ಲಿ ಆರೇಳು ವರ್ಷದ ಹುಡುಗಿ. ಅವಳೇ ನಿಮ್ಮ ಅಮ್ಮ. ಬೆಳಿಗ್ಗೆ ಎದ್ದು ‘ಅಮ್ಮ ಎಲ್ಲಿ’ ಅಂದಾಗ ಪಕ್ಕದ ಮನೆಯವರು ಏನು ಹೇಳಿರಬಹುದು? ‘ಅಮ್ಮ ಡ್ಯೂಟಿಗೆ ಹೋಗಿದಾಳೆ.’

ಆ ಹುಡುಗಿ ಎಷ್ಟು ಸಲ ಆ ಮಾತು ಕೇಳಿದ್ದಾಳೋ. ಹಬ್ಬದ ದಿನ, ಜ್ವರ ಬಂದ ದಿನ, ಶಾಲೆಯಲ್ಲಿ ಬಹುಮಾನ ತಗೊಂಡ ದಿನ. ನಿಮ್ಮ ಅಮ್ಮನನ್ನು ನಾನು ಕಂಡಿಲ್ಲ, ಅವರ ಮನಸ್ಸಿನಲ್ಲಿ ಇದೇ ಇದೆ ಅಂತ ಆಣೆ ಮಾಡಿ ಹೇಳಲಾರೆ. ಆದರೆ ನರ್ಸ್‌ಗಳ ಮಕ್ಕಳು, ಈಗ ಐವತ್ತು ಅರವತ್ತು ದಾಟಿದವರು, ನನ್ನ ಎದುರು ಕೂತು ಇದನ್ನೇ ಹೇಳಿದ್ದಾರೆ. ‘ಊರಿಗೆಲ್ಲ ಅವಳು ತಾಯಿ. ನನಗೆ ಮಾತ್ರ ರಜಾ ದಿನ ಸಿಗುತ್ತಿದ್ದಳು.’ ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅಷ್ಟು ಒಳ್ಳೆಯವರ ಬಗ್ಗೆ ಹೀಗೆ ಹೇಳಬಹುದಾ ಅಂತ.

ನೀವು ಅಳುತ್ತಿರುವುದು ನಿವೃತ್ತರಾದ ಅಜ್ಜಿಗೆ. ಮನೆಯಲ್ಲೇ ಇದ್ದವರು, ಬಾಣಂತನ ಮಾಡಿದವರು, ನಿಮ್ಮ ಕೂದಲಿಗೆ ಎಣ್ಣೆ ಹಚ್ಚಲು ಪುರುಸೊತ್ತಿದ್ದವರು. ನಿಮ್ಮ ಅಮ್ಮ ಕಳೆದುಕೊಂಡದ್ದು ಬೇರೊಬ್ಬ ಹೆಂಗಸನ್ನು. ಅವರಿಗೆ ಪೂರ್ತಿ ಸಿಗದೇ ಹೋದ ಅಮ್ಮನನ್ನು. ಸಿಕ್ಕಿದ್ದನ್ನು ಕಳೆದುಕೊಂಡರೆ ಕಣ್ಣೀರು ಬೇಗ ಬರುತ್ತದೆ. ಸಿಗದೇ ಇದ್ದದ್ದು ಇನ್ನು ಸಿಗುವುದೇ ಇಲ್ಲ ಅಂತಾದಾಗ ಅಳು ಗಂಟಲಲ್ಲಿ ಕಟ್ಟುತ್ತದೆ. ಅದರಲ್ಲಿ ಸಿಟ್ಟಿರುತ್ತದೆ, ಹೆಮ್ಮೆ ಇರುತ್ತದೆ, ಮಗಳ ಮೇಲೆ, ಅಂದರೆ ನಿಮ್ಮ ಮೇಲೆ, ಸಣ್ಣ ಹೊಟ್ಟೆಕಿಚ್ಚೂ ಇರಬಹುದು. ಊರವರು ಬಂದು ‘ನಿಮ್ಮಮ್ಮ ದೇವರು’ ಅನ್ನುವಾಗಲೆಲ್ಲ ಆ ಗಂಟು ಇನ್ನಷ್ಟು ಬಿಗಿಯುತ್ತದೆ. ಅಮ್ಮ ಅತ್ತಿಲ್ಲ ಅಂದ ಮಾತ್ರಕ್ಕೆ ದುಃಖ ಇಲ್ಲ ಅಂತಲ್ಲ. ಅಳಿಸಲೇಬೇಕು ಅಂತ ಹಟ ಮಾಡುವುದೂ ಬೇಡ. ಅಳದೆಯೂ ಜನ ದುಃಖ ದಾಟುತ್ತಾರೆ.

ಏನು ಮಾಡಬಹುದು? ಅಮ್ಮನ ಹತ್ತಿರ ಹೋಗಿ ‘ಯಾಕೆ ಅಳಲ್ಲ’ ಅಂತ ಕೇಳಬೇಡಿ. ಅಡಿಕೆ ಸುಲಿಯುವಾಗಲೋ ಸೊಪ್ಪು ಬಿಡಿಸುವಾಗಲೋ, ಕೈಗೆ ಕೆಲಸ ಇರುವಾಗ, ‘ಅಮ್ಮ, ನೀನು ಚಿಕ್ಕವಳಿದ್ದಾಗ ಅಜ್ಜಿ ರಾತ್ರಿ ಹೋದರೆ ನೀನು ಎಲ್ಲಿ ಮಲಗುತ್ತಿದ್ದೆ?’ ಅಂತ ಕೇಳಿ. ಅಷ್ಟು ಸಾಕು. ಉತ್ತರ ಬರದಿದ್ದರೆ ಬಿಡಿ. ಬಂದರೆ ಅಜ್ಜಿಯ ಪರ ವಕಾಲತ್ತು ಮಾಡಬೇಡಿ. ‘ಪಾಪ, ಅವರಿಗೂ ಕಷ್ಟ ಇತ್ತು’ ಅನ್ನಲು ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ನಿಮ್ಮ ಅಜ್ಜಿಯ ಚಿತ್ರ ಸ್ವಲ್ಪ ಕದಡಬಹುದು. ನಿಮಗೆ ನೋವಾಗಬಹುದು. ಆದರೂ ಕೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಗಳ ವಿಷಯಕ್ಕೆ ಉತ್ತರ ಈಗ ಸುಲಭ. ‘ಡ್ಯೂಟಿಗೆ ಹೋಗಿದಾರೆ’ ಅನ್ನುವುದು ಸರಿಯಲ್ಲ. ಡ್ಯೂಟಿಗೆ ಹೋದವರು ವಾಪಸ್ ಬರುತ್ತಾರೆ, ಅದಕ್ಕೇ ಅವಳು ಕಾಯುತ್ತಿದ್ದಾಳೆ. ಇನ್ನು ಅವಳ ಅಪ್ಪ ಕೆಲಸಕ್ಕೆ ಹೊರಟಾಗಲೂ ಹೆದರಬಹುದು. ‘ಮಲಗಿದ್ದಾರೆ’ ಅನ್ನುವುದೂ ಹಾಗೇ, ಮಕ್ಕಳು ನಿದ್ದೆಗೇ ಹೆದರುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದರೆ ವಾಪಸ್ ಬರಲಾಗದ್ದು ಅಂತ ಸಾಮಾನ್ಯವಾಗಿ ತಿಳಿಯುವುದಿಲ್ಲ. ಐದರಿಂದ ಏಳರ ನಡುವೆ ನಿಧಾನಕ್ಕೆ ತಿಳಿಯುತ್ತದೆ. ನಿಮ್ಮ ಮಗಳು ಸರಿಯಾಗಿ ಆ ವಯಸ್ಸಿನಲ್ಲಿದ್ದಾಳೆ.

ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: ‘ದೊಡ್ಡಜ್ಜಿ ಸತ್ತುಹೋದರು ಪುಟ್ಟಿ. ಅವರಿಗೆ ತುಂಬ ವಯಸ್ಸಾಗಿತ್ತು, ಹೃದಯಕ್ಕೆ ದೊಡ್ಡ ಕಾಯಿಲೆ ಬಂದು ಅದು ನಿಂತುಹೋಯಿತು. ಈಗ ಅವರಿಗೆ ಹಸಿವಿಲ್ಲ, ಚಳಿ ಇಲ್ಲ, ನೋವಿಲ್ಲ. ಅವರು ವಾಪಸ್ ಬರಲ್ಲ. ಮೊದಲು ಡ್ಯೂಟಿಗೆ ಹೋಗಿದಾರೆ ಅಂದಿದ್ದು ತಪ್ಪು, ನಮಗೂ ಹೇಳೋಕೆ ಕಷ್ಟ ಆಗಿತ್ತು.’ ಕೊನೆಯ ಮಾತು ಬಿಡಬೇಡಿ. ಅದನ್ನು ಹೇಳದಿದ್ದರೆ ದೊಡ್ಡವರು ಸುಳ್ಳು ಹೇಳುತ್ತಾರೆ ಅಂತಷ್ಟೇ ಅವಳಿಗೆ ಉಳಿಯುತ್ತದೆ. ಅತ್ತು ಹತ್ತು ನಿಮಿಷಕ್ಕೆ ಆಟಕ್ಕೆ ಓಡಿದರೆ ಆಶ್ಚರ್ಯ ಬೇಡ. ನಾಳೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ. ಅದೇ ಉತ್ತರ ಕೊಡಿ. ‘ನಾನು ಹಟ ಮಾಡಿದ್ದಕ್ಕೆ ಸತ್ತರಾ?’ ಅಂತ ಕೇಳದಿದ್ದರೂ ನೀವೇ ಹೇಳಿ, ಅದು ನಿನ್ನಿಂದ ಆದದ್ದಲ್ಲ ಅಂತ. ಈ ವಯಸ್ಸಿನ ಮಕ್ಕಳು ಒಳಗೊಳಗೇ ಹಾಗೆ ಅಂದುಕೊಳ್ಳುತ್ತಾರೆ. ದೇವರ ಹತ್ತಿರ ಹೋದರು ಅಂತ ನಿಮ್ಮ ಮನೆಯ ನಂಬಿಕೆ ಇದ್ದರೆ ಅದನ್ನೂ ಹೇಳಬಹುದು, ಆದರೆ ಸತ್ತರು ಅನ್ನುವ ಮಾತು ಮೊದಲು ಬರಲಿ.

ಟ್ರಂಕನ್ನು ಮಗಳ ಕೈಗೆ ಸಿಗದ ಹಾಗೆ ಇಡಿ, ಸದ್ಯಕ್ಕೆ. ಹಳೆಯ ಬಿಪಿ ಪೆಟ್ಟಿಗೆಯಲ್ಲಿ ಪಾದರಸ ಇರುತ್ತದೆ, ಥರ್ಮಾಮೀಟರಿನಲ್ಲೂ ಇರಬಹುದು. ಒಡೆದರೆ ಅದರ ಆವಿ ಒಳ್ಳೆಯದಲ್ಲ. ಪೊರಕೆಯಲ್ಲಿ ಗುಡಿಸಬಾರದು, ಕಿಟಕಿ ತೆಗೆದು, ದಪ್ಪ ಕಾಗದದಿಂದ ಒಟ್ಟು ಮಾಡಿ ಮುಚ್ಚಳದ ಬಾಟಲಿಗೆ ಹಾಕಬೇಕು. ಒಡೆಯುವ ಮೊದಲೇ ಅದನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ ಅಲ್ಲಿಗೇ ಒಪ್ಪಿಸುವುದು ಒಳ್ಳೆಯದು. ಹಳೆಯ ಔಷಧಿಯನ್ನು, ಆ ನಿದ್ದೆ ಮಾತ್ರೆಯನ್ನೂ ಸೇರಿಸಿ, ಯಾರಿಗೂ ಕೊಡಬೇಡಿ, ಬಳಸಬೇಡಿ. ಸೂಜಿಗಳಿದ್ದರೆ ಗಟ್ಟಿ ಡಬ್ಬದಲ್ಲಿ ಹಾಕಿ ಅದನ್ನೂ ಅಲ್ಲೇ ಕೊಡಿ. ಸೀರೆ, ಕನ್ನಡಕ, ಸ್ಟೀಲ್ ಡಬ್ಬ ಇವನ್ನೆಲ್ಲ ಇಟ್ಟುಕೊಳ್ಳುವುದರಲ್ಲಿ ಏನೂ ದೋಷ ಇಲ್ಲ. ಯಾವುದನ್ನೂ ಅವಸರದಲ್ಲಿ ದಾನ ಮಾಡಬೇಡಿ.

ಡೈರಿಗಳ ವಿಷಯದಲ್ಲಿ ನನಗೆ ಸ್ವಲ್ಪ ಕಳವಳ ಇದೆ. ನರ್ಸಮ್ಮನ ಡೈರಿಯಲ್ಲಿ ಬರೀ ಅವರ ಜೀವನ ಇರುವುದಿಲ್ಲ. ಯಾರಿಗೆ ಆಪರೇಷನ್ ಆಯಿತು, ಯಾರ ಮಗು ಹುಟ್ಟುವಾಗಲೇ ಹೋಯಿತು, ಮದುವೆಗೆ ಮುಂಚೆ ಯಾರು ಕದ ತಟ್ಟಿದರು, ಗಂಡನಿಗೆ ಗೊತ್ತಿಲ್ಲದೆ ಯಾರು ಮಾತ್ರೆ ಒಯ್ದರು, ಎಲ್ಲ ಇರಬಹುದು. ಆ ಹೆಂಗಸರು ಇನ್ನೂ ಅದೇ ಊರಲ್ಲಿದ್ದಾರೆ, ಸೊಸೆಯಂದಿರ ಜೊತೆ ಇದ್ದಾರೆ. ಗರ್ಭಪಾತದ ಮಾಹಿತಿಯನ್ನು ಗುಟ್ಟಾಗಿಡಬೇಕು ಅಂತ ಕಾನೂನೇ ಇದೆ. ಕಾನೂನು ಬಿಡಿ, ಅಜ್ಜಿ ಮೂವತ್ತಾರು ವರ್ಷ ಆ ಗುಟ್ಟು ಕಾಪಾಡಿದ್ದರು ಅನ್ನುವುದೇ ಸಾಕು. ಹಾಗಾಗಿ ಒಂದು ಪುಟವನ್ನೂ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬೇಡಿ. ಬೇರೆಯವರ ಹೆಸರಿರುವ ಪುಟ ಪುಸ್ತಕಕ್ಕೆ ಬೇಡ, ಹೆಸರು ಅಳಿಸಿದರೂ ಬೇಡ. ಸಣ್ಣ ಊರಲ್ಲಿ ವರ್ಷ ಹೇಳಿದರೆ ಮನೆ ಗೊತ್ತಾಗುತ್ತದೆ. ಸರ್ಕಾರಿ ರಿಜಿಸ್ಟರ್ ಏನಾದರೂ ಸೇರಿದ್ದರೆ ಅದನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿ. ಅವರದೇ ಮಾತು, ಮಳೆಯ ಸುದ್ದಿ, ಸಂಬಳದ ಲೆಕ್ಕ, ಬೇಜಾರು, ಮಗಳ ಜ್ವರದ ಸುದ್ದಿ ಇರುವ ಪುಟಗಳನ್ನು ಇಟ್ಟುಕೊಳ್ಳಿ. ಮಿಕ್ಕಿದ್ದನ್ನು ಅಮ್ಮನೂ ನೀವೂ ಸೇರಿ ಒಲೆಗೆ ಹಾಕುವುದಾದರೆ ನಾನು ಬೇಡ ಅನ್ನುವುದಿಲ್ಲ.

ಪುಸ್ತಕ ಖಂಡಿತ ಮಾಡಿ. ಊರವರು ತಾವಾಗಿಯೇ ಹೇಳುವ ಕಥೆಗಳನ್ನು, ಅವರ ಒಪ್ಪಿಗೆ ಕೇಳಿ ಬರೆದುಕೊಳ್ಳಿ. ಆದರೆ ಅಜ್ಜಿಯನ್ನು ಬರೀ ದೇವತೆ ಮಾಡಬೇಡಿ. ಅವರಿಗೆ ಸಿಟ್ಟು ಬರುತ್ತಿತ್ತಾ? ಯಾರನ್ನು ಬೈಯುತ್ತಿದ್ದರು? ಯಾವುದಕ್ಕೆ ಹೆದರುತ್ತಿದ್ದರು? ಅದೆಲ್ಲ ಇರಲಿ. ಮೊದಲ ಪುಟ ಅಮ್ಮನಿಗೆ ಬಿಡಿ. ಅವರು ಬರೆಯುವುದಿಲ್ಲ ಅಂದರೆ ಖಾಲಿಯೇ ಇರಲಿ.

ಕೊನೆಗೆ ಆ ಅಲ್ಯೂಮಿನಿಯಂ ಕೊಳವೆ. ಒಂದು ತುದಿ ಕಹಳೆಯ ಹಾಗೆ ಅಗಲ, ಇನ್ನೊಂದು ತುದಿ ಚಪ್ಪಟೆ, ಗೇಣುದ್ದ ಇರುತ್ತದೆ ಅಲ್ವಾ? ಅದು ಫೀಟೋಸ್ಕೋಪ್. ಬಸುರಿಯ ಹೊಟ್ಟೆಯ ಮೇಲೆ ಅಗಲದ ತುದಿ ಇಟ್ಟು, ಇನ್ನೊಂದಕ್ಕೆ ಕಿವಿ ಒತ್ತಿ, ಕೈ ಬಿಟ್ಟು ಕೇಳಬೇಕು. ಕೈ ತಾಗಿದರೆ ಸದ್ದು ಕೆಡುತ್ತದೆ. ದೂರದಲ್ಲಿ ಗಡಿಯಾರವನ್ನು ದಿಂಬಿನ ಕೆಳಗಿಟ್ಟ ಹಾಗೆ ಮಗುವಿನ ಎದೆಬಡಿತ ಕೇಳುತ್ತದೆ. ನಿಮ್ಮ ಅಜ್ಜಿ ಎಷ್ಟು ಮಕ್ಕಳನ್ನು ಹುಟ್ಟುವ ಮೊದಲೇ ಅದರಲ್ಲಿ ಕೇಳಿದ್ದರೋ. ಅದು ದೊಡ್ಡವರ ಎದೆಯ ಮೇಲೂ ಕೆಲಸ ಮಾಡುತ್ತದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಅನ್ನುವ ವೈದ್ಯ ಮಾಡಿದ ಮೊದಲ ಸ್ಟೆತಸ್ಕೋಪೂ ಇಂಥದ್ದೇ ಒಂದು ಕೊಳವೆ.

ಟ್ರಂಕಿನ ಅಪಾಯದ ಸಾಮಾನು ತೆಗೆದ ಮೇಲೆ ಆ ಕೊಳವೆಯನ್ನು ಚೆನ್ನಾಗಿ ತೊಳೆದು, ಒರೆಸಿ ಮಗಳಿಗೆ ಕೊಡಿ. ದೊಡ್ಡಜ್ಜಿ ಡ್ಯೂಟಿಗೆ ಹೋದಾಗ ಮಾಡುತ್ತಿದ್ದ ಕೆಲಸ ಇದು ಅಂತ ತೋರಿಸಿ. ಮೊದಲು ನಿಮ್ಮ ಎದೆಯ ಮೇಲೆ ಇಟ್ಟು ಕೇಳಲಿ. ಅಮ್ಮ ಪಕ್ಕದಲ್ಲಿದ್ದು, ಅವರಿಗೆ ಮನಸ್ಸಿದ್ದರೆ, ಆಮೇಲೆ ಅವರ ಎದೆಯ ಮೇಲೂ ಇಟ್ಟು ಕೇಳಲಿ. ಆಗ ಮನೆಯಲ್ಲಿ ಯಾರೂ ಮಾತಾಡಬೇಡಿ. ಟಿವಿ ಆರಿಸಿ. ಮಳೆಗಾಲ ಶುರುವಾಗುವ ಮೊದಲೇ ಮಾಡಿ, ಹಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಕೇಳಿಸುವುದಿಲ್ಲ.